ನಿಮ್ಮ ಖಾತೆಯ ಪುಟ ಬೇರೆಯವರಿಗೆ ಕಂಡರೆ? ಮಿಡಲ್‌ವೇರ್ ಪದರಗಳ ಒಳಗುಟ್ಟು

2015ರ ಡಿಸೆಂಬರ್ 25. ಕಂಪ್ಯೂಟರ್ ಆಟಗಳನ್ನು ಮಾರುವ ಸ್ಟೀಮ್ ಜಾಲತಾಣ ತೆರೆದ ಕೆಲವರಿಗೆ ಅಂದು ವಿಚಿತ್ರವೊಂದು ಕಾಣಿಸಿತು. ಲಾಗಿನ್ ಆಗಿದ್ದವರು ಅವರೇ, ಆದರೆ ಪರದೆಯ ಮೇಲಿದ್ದದ್ದು ಬೇರೆ ಯಾರದೋ ಖಾತೆಯ ಪುಟ! ಇನ್ನೊಬ್ಬರ ಇಮೇಲ್, ವಿಳಾಸ, ಖರೀದಿಯ ವಿವರ ಎಲ್ಲ ಅಲ್ಲಿತ್ತು. ಸುಮಾರು ಒಂದೂವರೆ ಗಂಟೆ ನಡೆದ ಈ ಎಡವಟ್ಟು ಸುಮಾರು 34,000 ಬಳಕೆದಾರರಿಗೆ ಸಂಬಂಧಿಸಿತ್ತು ಎಂದು ಕಂಪನಿಯೇ ಆಮೇಲೆ ಹೇಳಿತು.

ಯಾರೋ ಪಾಸ್‌ವರ್ಡ್ ಕದ್ದಿರಬೇಕು ಎಂದು ನಮಗೆ ಮೊದಲು ಅನ್ನಿಸುತ್ತದೆ. ಹಾಗೇನೂ ಆಗಿರಲಿಲ್ಲ. ಆ ದಿನ ಜಾಲತಾಣದ ಮೇಲೆ ಕೃತಕ ದಟ್ಟಣೆಯ ದಾಳಿ ನಡೆದಿತ್ತು. ಅದನ್ನು ತಾಳಿಕೊಳ್ಳಲೆಂದು ಕ್ಯಾಶ್ ವ್ಯವಸ್ಥೆಯ ಹೊಂದಾಣಿಕೆಯನ್ನು ಬದಲಿಸಲಾಗಿತ್ತು. ಒಮ್ಮೆ ತಯಾರಾದ ಪುಟವನ್ನು ನೆನಪಿಟ್ಟುಕೊಂಡು ಮುಂದಿನವರಿಗೆ ಬೇಗ ಕೊಡುವುದು ಕ್ಯಾಶ್‌ನ ಕೆಲಸ. ಹೊಸ ಹೊಂದಾಣಿಕೆ ಲಾಗಿನ್ ಆದವರ ಖಾಸಗಿ ಪುಟಗಳನ್ನೂ ಹಾಗೆಯೇ ನೆನಪಿಟ್ಟುಕೊಂಡು ಹಂಚಿಬಿಟ್ಟಿತು. "ಈ ಪುಟ ಯಾರದು?" ಎಂದು ಕೇಳಬೇಕಾದ ಹಂತಕ್ಕೆ ಕೋರಿಕೆ ತಲುಪಲೇ ಇಲ್ಲ.

ಆ ಕ್ಯಾಶ್ ಇದ್ದದ್ದು ತಂತ್ರಾಂಶದ ಹೊರಗೆ, ಪ್ರತ್ಯೇಕ ಸರ್ವರ್‌ಗಳಲ್ಲಿ. ಆದರೆ ಇಂಥದ್ದೇ ಒಂದು ಸಾಲು ಬಹುತೇಕ ಜಾಲತಾಣಗಳ ತಂತ್ರಾಂಶದ ಒಳಗೂ ಇರುತ್ತದೆ. ಅದರ ಹೆಸರು ಮಿಡಲ್‌ವೇರ್.

ಏನಿದು ಮಿಡಲ್‌ವೇರ್?

ನಾವು ಬ್ರೌಸರಿನಲ್ಲಿ ಒಂದು ಕೊಂಡಿ ಒತ್ತಿದಾಗ ಸರ್ವರ್‌ಗೆ ಕೋರಿಕೆಯೊಂದು ಹೋಗುತ್ತದೆ. ಪುಟ ತಯಾರಿಸುವ ಮುಖ್ಯ ಪ್ರೋಗ್ರಾಮು ಅದನ್ನು ನೇರವಾಗಿ ಕೈಗೆತ್ತಿಕೊಳ್ಳುವುದು ಅಪರೂಪ. ನಡುವೆ ಪುಟ್ಟ ಪುಟ್ಟ ಪ್ರೋಗ್ರಾಮುಗಳು ಕಾದಿರುತ್ತವೆ. ಕೋರಿಕೆ ಬಂದ ಹೊತ್ತನ್ನು ದಾಖಲಿಸುವುದು ಒಂದು, ಕುಕಿಯನ್ನು ಓದುವುದು ಇನ್ನೊಂದು. ಇದು ಯಾರ ಖಾತೆ, ಅವರಿಗೆ ಈ ಪುಟ ನೋಡುವ ಅನುಮತಿ ಇದೆಯೇ ಎಂದು ಪರಿಶೀಲಿಸುವುದು ಮತ್ತೊಂದು. ಪ್ರತಿ ಪದರವೂ ಕೋರಿಕೆಯನ್ನು ಹಾಗೇ ಒಳಗೆ ಬಿಡಬಹುದು, ಏನಾದರೂ ಸೇರಿಸಿ ಬಿಡಬಹುದು, ಇಲ್ಲವೇ ಅಲ್ಲೇ ಉತ್ತರ ಕೊಟ್ಟು ವಾಪಸು ಕಳಿಸಬಹುದು.

ಒಳಗಿನಿಂದ ಉತ್ತರ ಹೊರಟಾಗ ಅದೇ ಪದರಗಳನ್ನು ಹಿಮ್ಮುಖವಾಗಿ ದಾಟಿ ಬರುತ್ತದೆ. ಮೊದಲು ಸಿಕ್ಕ ಪದರ ಈಗ ಕೊನೆಗೆ ಸಿಗುತ್ತದೆ. ಪ್ರೋಗ್ರಾಮರ್‌ಗಳು ಇದನ್ನು ಈರುಳ್ಳಿಗೆ ಹೋಲಿಸುವುದು ಇದಕ್ಕೇ. ಕತ್ತರಿಸಿದ ಈರುಳ್ಳಿಗೆ ಆಚೆಯಿಂದ ಈಚೆಗೆ ಸೂಜಿ ಚುಚ್ಚಿದರೆ ನಡುವಿನ ತಿರುಳೊಂದನ್ನು ಬಿಟ್ಟು ಪ್ರತಿ ಸಿಪ್ಪೆಯನ್ನೂ ಎರಡು ಸಲ ದಾಟಬೇಕಲ್ಲ, ಹಾಗೆ.

ಬೇರೆ ಬೇರೆಯವರು ಬರೆದ ಪದರಗಳು ಒಂದಕ್ಕೊಂದು ಹೊಂದಿಕೊಳ್ಳುವುದರ ಹಿಂದೆ ಸರಳ ಉಪಾಯವೊಂದಿದೆ. 2003ರಲ್ಲಿ ಪೈಥಾನ್ ಭಾಷೆಗಾಗಿ ರೂಪಿಸಿದ ಡಬ್ಲ್ಯೂಎಸ್‌ಜಿಐ ಎಂಬ ಒಪ್ಪಂದದಲ್ಲಿ ಇದು ಸ್ಪಷ್ಟವಾಗಿದೆ: ಮಿಡಲ್‌ವೇರ್ ತನ್ನ ಹೊರಗಿರುವವರಿಗೆ ಅಪ್ಲಿಕೇಶನ್‌ನಂತೆ ಕಾಣಬೇಕು, ಒಳಗಿರುವವರಿಗೆ ಸರ್ವರ್‌ನಂತೆ ಕಾಣಬೇಕು. ಹೀಗೆ ಎರಡೂ ವೇಷ ಹಾಕಬಲ್ಲ ಪದರದ ಮೇಲೆ ಇನ್ನೊಂದು ಪದರ, ಅದರ ಮೇಲೆ ಮತ್ತೊಂದು ಎಂದು ಎಷ್ಟು ಬೇಕಾದರೂ ಜೋಡಿಸಬಹುದು. ರೂಬಿಯ ರ‍್ಯಾಕ್‌ನಲ್ಲೂ ಇದೇ ತರ್ಕವಿದೆ.

ಪದರ ಹೆಚ್ಚಿದ್ದರೆ ಸುರಕ್ಷತೆಯೂ ಹೆಚ್ಚೇ?

ಹೀಗೆ ನಂಬುವವರು ಬಹಳ. ನಮ್ಮ ಪ್ರಕಾರ ಪದರಗಳು ಎಷ್ಟಿವೆ ಎನ್ನುವುದಕ್ಕಿಂತ ಯಾವುದರ ಹಿಂದೆ ಯಾವುದಿದೆ ಎಂಬುದೇ ದೊಡ್ಡ ಪ್ರಶ್ನೆ.

ಪೈಥಾನಿನ ಜಾಂಗೋ ಚೌಕಟ್ಟನ್ನೇ ನೋಡೋಣ. ಅದರಲ್ಲಿ ಮಿಡಲ್‌ವೇರ್‌ಗಳ ಪಟ್ಟಿಯೊಂದಿರುತ್ತದೆ, ಮೇಲಿನದು ಹೊರಗಿನ ಪದರ. ಬಳಕೆದಾರ ಯಾರೆಂದು ಗುರುತಿಸುವ ಪದರ ಸೆಷನ್ ಪದರದ ಕೆಳಗೇ ಬರಬೇಕು, ಏಕೆಂದರೆ ಅದಕ್ಕೆ ಬೇಕಾದ ಮಾಹಿತಿ ಸೆಷನ್‌ನಲ್ಲಿರುತ್ತದೆ. ಇದನ್ನು ಅದಲುಬದಲು ಮಾಡಿದರೆ ಜಾಂಗೋ ದೋಷ ತೋರಿಸಿ ನಿಂತುಬಿಡುತ್ತದೆ. ಇಂಥ ತಪ್ಪು ಒಳ್ಳೆಯ ಜಾತಿಯದು, ಕೂಗಿ ಹೇಳುತ್ತದೆ.

ಕ್ಯಾಶ್ ವಿಷಯ ಹಾಗಲ್ಲ. ಇಡೀ ಜಾಲತಾಣಕ್ಕೆ ಕ್ಯಾಶ್ ಹಾಕುವಾಗ ಜಾಂಗೋ ಆ ಒಂದು ಕೆಲಸವನ್ನು ಎರಡು ಪದರಗಳಾಗಿ ಒಡೆಯುತ್ತದೆ. ಪುಟವನ್ನು ಉಳಿಸಿಡುವ ಪದರ ಪಟ್ಟಿಯ ತುದಿಯಲ್ಲಿ, ಉಳಿಸಿದ ಪುಟವನ್ನು ಹುಡುಕಿಕೊಡುವ ಪದರ ಪಟ್ಟಿಯ ಬುಡದಲ್ಲಿ. ಉಳಿಸುವ ಕೆಲಸ ನಡೆಯುವುದು ಉತ್ತರ ಹೊರಬರುವಾಗ, ಆಗ ತುದಿಯ ಪದರದ ಸರದಿ ಎಲ್ಲಕ್ಕಿಂತ ಕೊನೆಗೆ. ಅಷ್ಟರೊಳಗೆ ಸೆಷನ್ ಪದರ ಉತ್ತರದ ಮೇಲೆ "ಈ ಪುಟ ಕುಕಿಗೆ ತಕ್ಕಂತೆ ಬದಲಾಗುತ್ತದೆ" ಎಂಬ ಚೀಟಿ ಅಂಟಿಸಿರುತ್ತದೆ. ಚೀಟಿ ನೋಡಿದ ಕ್ಯಾಶ್ ಪ್ರತಿಯೊಬ್ಬರ ಪುಟವನ್ನು ಬೇರೆ ಬೇರೆಯಾಗಿ ಇಡುತ್ತದೆ. ಉಳಿಸುವ ಪದರವನ್ನು ಸೆಷನ್ ಪದರದ ಒಳಗೆ ಹಾಕಿದರೆ ಚೀಟಿ ಅಂಟುವ ಮೊದಲೇ ಪುಟ ಉಳಿದುಹೋಗುತ್ತದೆ. ದೋಷದ ಸಂದೇಶವಿಲ್ಲ, ಎಚ್ಚರಿಕೆಯಿಲ್ಲ. ಜಾಲತಾಣ ಮೊದಲಿಗಿಂತ ಚುರುಕಾಗಿಯೇ ಓಡುತ್ತಿರುತ್ತದೆ, ಒಬ್ಬರ ಪುಟ ಇನ್ನೊಬ್ಬರಿಗೆ ಸಿಗುವವರೆಗೆ.

ಗೊಂದಲ ಹೆಚ್ಚಿಸುವ ಇನ್ನೊಂದು ಸಂಗತಿಯೂ ಇದೆ. ಪಟ್ಟಿಯಲ್ಲಿ ಮೊದಲು ಬರೆದದ್ದೇ ಹೊರಗಿನದು ಎಂಬ ನಿಯಮ ಎಲ್ಲೆಡೆ ಇಲ್ಲ. ರಸ್ಟ್ ಭಾಷೆಯ ಆಕ್ಸಮ್‌ನಲ್ಲಿ ರೌಟರ್‌ಗೆ ಒಂದೊಂದಾಗಿ ಪದರ ಸೇರಿಸಿದರೆ ಕೊನೆಗೆ ಸೇರಿಸಿದ್ದು ಹೊರಗಿನದಾಗುತ್ತದೆ. ಅದೇ ಪದರಗಳನ್ನು ಟವರ್‌ನ ಸರ್ವೀಸ್‌ಬಿಲ್ಡರ್ ಮೂಲಕ ಜೋಡಿಸಿದರೆ ಮೊದಲು ಸೇರಿಸಿದ್ದು ಹೊರಗಿನದು. ಎರಡೂ ಒಂದೇ ಪ್ರಾಜೆಕ್ಟಿನಲ್ಲಿ ಸಿಗಬಹುದು! ದಸ್ತಾವೇಜು ಓದದೆ ಬೇರೆ ಕಡೆಯಿಂದ ಸಾಲುಗಳನ್ನು ನಕಲು ಮಾಡಿದರೆ ಕಾವಲು ಪದರ ಎಲ್ಲಿ ಹೋಗಿ ಕೂರುತ್ತದೆ ಎಂದು ಹೇಳಲಾಗದು. ಎಕ್ಸ್‌ಪ್ರೆಸ್‌ನಲ್ಲಿ ಬರೆದ ಕ್ರಮದಲ್ಲೇ ಪದರಗಳು ನಡೆಯುತ್ತವೆ. ಅಲ್ಲಿ ಫೈಲುಗಳನ್ನು ಹಂಚುವ ಸಾಲನ್ನು ಲಾಗಿನ್ ಪರಿಶೀಲನೆಗಿಂತ ಮೇಲೆ ಬರೆದರೆ ಆ ಫೈಲುಗಳು ಲಾಗಿನ್ ಇಲ್ಲದವರಿಗೂ ಸಿಗುತ್ತವೆ.

ಕಾವಲುಗಾರನನ್ನೇ ದಾಟಿಹೋದರೆ?

2025ರ ಮಾರ್ಚ್‌ನಲ್ಲಿ ನೆಕ್ಸ್ಟ್ ಜೆಎಸ್ ಚೌಕಟ್ಟಿನಲ್ಲಿ ಬಯಲಾದ ಲೋಪ ಇನ್ನೊಂದು ಬಗೆಯದು. ಅದರ ಗುರುತು ಸಂಖ್ಯೆ ಸಿವಿಇ-2025-29927, ಗಂಭೀರತೆ 10ಕ್ಕೆ 9.1. ಮಿಡಲ್‌ವೇರ್ ತನ್ನನ್ನೇ ಮತ್ತೆ ಮತ್ತೆ ಕರೆದುಕೊಂಡು ಸುತ್ತಿನಲ್ಲಿ ಸಿಕ್ಕಿಬೀಳಬಾರದೆಂದು ಚೌಕಟ್ಟು ಒಳಗಿನ ಕೋರಿಕೆಗಳಿಗೆ ಒಂದು ಹೆಡರ್ ಹಚ್ಚುತ್ತಿತ್ತು. "ಮಿಡಲ್‌ವೇರ್ ಕೆಲಸ ಆಗಿದೆ, ಬಿಟ್ಟುಬಿಡಿ" ಎಂಬುದು ಅದರ ಅರ್ಥ. ಆದರೆ ಅದೇ ಹೆಡರನ್ನು ಹೊರಗಿನವರು ತಮ್ಮ ಕೋರಿಕೆಗೆ ಹಚ್ಚಿ ಕಳಿಸಿದರೂ ಸರ್ವರ್ ನಂಬುತ್ತಿತ್ತು. ಲಾಗಿನ್ ಪರಿಶೀಲನೆಯನ್ನು ಮಿಡಲ್‌ವೇರ್‌ನಲ್ಲಿ ಮಾತ್ರ ಇಟ್ಟಿದ್ದ, ತಮ್ಮದೇ ಸರ್ವರ್‌ನಲ್ಲಿ ನಡೆಸುತ್ತಿದ್ದ ಜಾಲತಾಣಗಳಲ್ಲಿ ಕಾವಲು ದಾಟಲು ಇಷ್ಟೇ ಸಾಕಿತ್ತು. ಇಲ್ಲಿ ಕ್ರಮವೂ ಸರಿಯಿತ್ತು, ಪದರವೂ ಇತ್ತು. ಅದನ್ನು ಬಿಟ್ಟು ಹೋಗುವ ಅಡ್ಡದಾರಿಯೊಂದು ತೆರೆದಿತ್ತು.

15.2.3 ಮತ್ತು 14.2.25 ಆವೃತ್ತಿಗಳಲ್ಲಿ ಈ ಲೋಪ ಸರಿಹೋಯಿತು. ಹೊಸ ಆವೃತ್ತಿಗೆ ಹೋಗಲಾಗದವರು ಆ ಹೆಡರ್ ಹೊತ್ತ ಹೊರಗಿನ ಕೋರಿಕೆಗಳನ್ನು ಅಪ್ಲಿಕೇಶನ್‌ಗೆ ತಲುಪದಂತೆ ತಡೆಯಬೇಕೆಂಬ ಸಲಹೆಯೂ ಬಂತು. ಮಿಡಲ್‌ವೇರ್‌ನಲ್ಲಿ ಒಮ್ಮೆ ಕೇಳಿದ್ದರೂ, ದತ್ತಾಂಶವನ್ನು ಹೊರತೆಗೆಯುವ ಜಾಗದಲ್ಲಿ "ಇದು ಇವರದೇನಾ?" ಎಂದು ಮತ್ತೊಮ್ಮೆ ಕೇಳುವ ಪ್ರೋಗ್ರಾಮುಗಳಿಗೆ ಇಂಥ ಲೋಪದಿಂದ ಆಗುವ ಹಾನಿ ಬಹಳ ಕಡಿಮೆ. ಎರಡು ಸಲ ಕೇಳುವುದು ದಂಡ ಎಂದು ವಾದಿಸುವವರಿದ್ದಾರೆ, ನಾವು ಒಪ್ಪುವುದಿಲ್ಲ.

ಅದೇ ವರ್ಷ ಬಂದ ನೆಕ್ಸ್ಟ್ ಜೆಎಸ್ 16ರಲ್ಲಿ ಈ ಸೌಲಭ್ಯದ ಹೆಸರನ್ನೇ ಮಿಡಲ್‌ವೇರ್ ಬದಲು ಪ್ರಾಕ್ಸಿ ಎಂದು ಮಾಡಲಾಯಿತು. ಹಳೆಯ ಹೆಸರು ಕೇಳಿದವರು ಅದನ್ನು ಎಕ್ಸ್‌ಪ್ರೆಸ್‌ನ ಮಿಡಲ್‌ವೇರ್ ಎಂದೇ ತಿಳಿದುಬಿಡುತ್ತಾರೆ ಎಂಬುದು ಅದಕ್ಕೆ ಕೊಟ್ಟ ಕಾರಣಗಳಲ್ಲೊಂದು.