ಕೊಳಗದ ಆಚೆ ಉಳಿದವರು: ಸಾಗರ, ಹೊಸನಗರ, ತೀರ್ಥಹಳ್ಳಿಯ ಜನ ಮತ್ತು ಜಮೀನು

ಮಲೆನಾಡಿನ ಚರಿತ್ರೆ ಅಂದಕೂಡಲೇ ನಮ್ಮ ಬರಹಗಾರರು ಮೂರು ಸಂಗತಿ ಹೇಳುತ್ತಾರೆ: ಇಕ್ಕೇರಿ–ಬಿದನೂರಿನ ಅರಸರು, ಕಾಗೋಡು ಸತ್ಯಾಗ್ರಹ, ಶರಾವತಿಯ ಮುಳುಗಡೆ. ಮೂರೂ ನಿಜವೇ. ಆದರೆ ಈ ಮೂರರಲ್ಲೂ ಹೊಲಗೇರಿ ಎಲ್ಲಿತ್ತು, ಹಸಲರ ಬಿಡಾರ ಎಲ್ಲಿತ್ತು ಅಂತ ಕೇಳಿ ನೋಡಿ, ಮಾತು ತಡವರಿಸುತ್ತದೆ. ಗದ್ದೆ ಯಾರದು ಎಂಬುದಕ್ಕೆ ಇಲ್ಲಿ ಕಡತಗಳಿವೆ. ಗದ್ದೆಯಲ್ಲಿ ಬಗ್ಗಿದ ಬೆನ್ನು ಯಾರದು ಎಂಬುದಕ್ಕೆ ಕಡತವಿಲ್ಲ. ಆ ಬೆನ್ನಿನ ಕಡೆಯಿಂದ ಈ ಮೂರು ತಾಲೂಕುಗಳನ್ನು ನೋಡಿದರೆ ಏನು ಕಾಣುತ್ತದೆ ಎಂಬುದಷ್ಟೇ ನನ್ನ ಪ್ರಶ್ನೆ.

ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ಜಾತಿ ಸಂಪುಟಗಳಲ್ಲಿ ಮೈಸೂರು ಜನಗಣತಿಯ ವರದಿಯಿಂದ ಎತ್ತಿಕೊಂಡ ಒಂದು ವಿವರಣೆ ಉಂಟು. ಬಯಲುಸೀಮೆಯ ಹೊಲೆಯನಿಗೆ ಕುಳವಾಡಿಕೆ ಅಂತ ಊರಿನಲ್ಲಿ ಒಂದು ಸ್ಥಾನವಾದರೂ ಇತ್ತು. ಮಲೆನಾಡಿನಲ್ಲಿ ಅವನು ಬರೀ ಗುಲಾಮ. ಅದರಲ್ಲೂ ಎರಡು ಬಗೆ. ಮನೆತನಕ್ಕೆ ತಲೆತಲಾಂತರದಿಂದ ಸೇರಿದವನು ಹುಟ್ಟಾಳು. ನೆಲಕ್ಕೆ ಸೇರಿದವನು, ನೆಲ ಕೈ ಬದಲಾದರೆ ಅದರ ಜೊತೆಗೇ ಕೈ ಬದಲಾಗುವವನು ಮಣ್ಣಾಳು. ಮಣ್ಣಾಳು ಎಂಬ ಈ ಒಂದು ಮಾತನ್ನು ಗಮನಿಸಬೇಕು. ಮಣ್ಣಿಗೆ ಒಡೆಯನಿದ್ದ, ಮಣ್ಣಿನ ಜೊತೆ ಮನುಷ್ಯನಿಗೂ ಅವನೇ ಒಡೆಯ.

ಇದು ಯಾಕೆ ಹೀಗಾಯಿತು? ಬರೀ ಮಡಿಮೈಲಿಗೆಯ ಕಥೆ ಹೇಳಿದರೆ ಅರ್ಧ ಉತ್ತರ. ಉಳಿದರ್ಧ ಜನಸಂಖ್ಯೆಯಲ್ಲಿದೆ. ಮಲೆನಾಡಿನಲ್ಲಿ ನೆಲ ಹೆಚ್ಚು, ಮಳೆ ಹೆಚ್ಚು, ಜನ ಕಡಿಮೆ. ಮಲೇರಿಯಾ ಮನೆಮನೆಯನ್ನೇ ಖಾಲಿ ಮಾಡುತ್ತಿತ್ತು. ಮಲೆನಾಡಿನ ಜನಸಂಖ್ಯೆ ಇಳಿಯುತ್ತಿದೆ ಎಂಬುದು 20ನೇ ಶತಮಾನದ ಮೊದಲ ದಶಕಗಳಲ್ಲಿ ಮೈಸೂರು ಸರ್ಕಾರದ ದೊಡ್ಡ ಚಿಂತೆಯಾಗಿತ್ತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ (1912–18) ಮಲೆನಾಡು ಸುಧಾರಣೆಗೆಂದೇ ಒಂದು ಯೋಜನೆ ಬಂತು. ಅಡಿಕೆ ತೋಟಕ್ಕೆ ವರ್ಷವಿಡೀ ಕೈ ಬೇಕು. ಸಾಲದೆ ಬಂದಾಗ ಸೇರೆಗಾರರು ಘಟ್ಟದ ಕೆಳಗಿನಿಂದ ಆಳುಗಳನ್ನು ಹತ್ತಿಸಿ ತರುತ್ತಿದ್ದರು.

ಕೈ ಕಡಿಮೆ ಇದ್ದಲ್ಲಿ ಕೂಲಿ ಏರಬೇಕು. ಸಂತೆಯ ಲೆಕ್ಕ ಅದು. ಇಲ್ಲಿ ಏರಲಿಲ್ಲ. ಯಾಕೆಂದರೆ ಕೈಯನ್ನು ಸಂತೆಗೆ ಬಿಡಲೇ ಇಲ್ಲ. ಮದುವೆಗೆ ಮುಂಗಡ ಸಾಲ ಕೊಟ್ಟು ಗಂಡು ಹೆಣ್ಣು ಇಬ್ಬರನ್ನೂ ಮನೆಗೆ ಕಟ್ಟಿಹಾಕಿದರು. ಸಾಲ ತೀರುವಷ್ಟರಲ್ಲಿ ಮಗನ ಮದುವೆ ಬರುತ್ತಿತ್ತು. ದುಬಾರಿಯಾಗಬೇಕಿದ್ದ ದುಡಿಮೆಯನ್ನು ಅಗ್ಗವಾಗಿಟ್ಟಿದ್ದು ಜಾತಿ. ಮಲೆನಾಡಿನ ಅರ್ಥಶಾಸ್ತ್ರ ಅಂದರೆ ಇದೇ ಎಂದು ನಾನು ತಿಳಿದಿದ್ದೇನೆ.

ನಮ್ಮ ವಿಮರ್ಶೆ ಇದನ್ನು ಓದಲು ಕಲಿಯಬೇಕಾದದ್ದು ಕಾದಂಬರಿಗಳಲ್ಲೂ. ತೀರ್ಥಹಳ್ಳಿ ಸೀಮೆಯ ಕುವೆಂಪು ‘ಮಲೆಗಳಲ್ಲಿ ಮದುಮಗಳು’ (1967) ಬರೆದರು. ಸಿಂಬಾವಿ ಹೆಗ್ಗಡೆಯ ಆಳು ಗುತ್ತಿ, ಬೆಟ್ಟಳ್ಳಿ ಹೊಲಗೇರಿಯ ತಿಮ್ಮಿಯನ್ನು ಹಾರಿಸಿಕೊಂಡು ಹೋಗುತ್ತಾನೆ. ವಿಮರ್ಶಕರು ಇದನ್ನು ಪ್ರೇಮ ಅಂದರು, ಕಾಡಿನ ಚೈತನ್ಯ ಅಂದರು. ಅಲ್ಲವೆಂದಲ್ಲ. ಆದರೆ ಬೆಟ್ಟಳ್ಳಿ ಗೌಡರಿಗೆ ಅದು ಇನ್ನೊಂದು ಲೆಕ್ಕ: ನಮ್ಮ ಕೇರಿಯ ಎರಡು ಕೈ, ಮುಂದೆ ಅದರಿಂದ ಹುಟ್ಟುವ ಕೈಗಳು, ಇನ್ನೊಬ್ಬ ಒಡೆಯನ ಪಾಲಾದವು. ಹೊಲತಿಯ ಮದುವೆ ಒಡೆಯನ ಆಸ್ತಿ ವ್ಯವಹಾರವಾಗಿದ್ದ ಕಾಲದಲ್ಲಿ ಓಡಿಹೋಗುವುದೂ ಒಂದು ಬಂಡಾಯವೇ.

ಈಗ ಕಾಗೋಡಿಗೆ ಬರೋಣ. 1951ರ ಏಪ್ರಿಲ್‌ನಲ್ಲಿ ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿದಾರರು, ಬಹುಪಾಲು ದೀವರು, ಎದ್ದು ನಿಂತರು. ಹೆಚ್. ಗಣಪತಿಯಪ್ಪ ಸಂಘ ಕಟ್ಟಿದರು, ಸಮಾಜವಾದಿಗಳು ಜೊತೆಗೂಡಿದರು, ಲೋಹಿಯಾ ಬಂದು ಬಂಧನಕ್ಕೊಳಗಾದರು. ಮರುವರ್ಷ ಶಾಂತವೇರಿ ಗೋಪಾಲಗೌಡರು ಸಾಗರ–ಹೊಸನಗರದಿಂದ ಶಾಸನಸಭೆಗೆ ಹೋದರು. ಜಗಳದ ಒಂದು ಮೂಲ ಕೊಳಗ. ಗೇಣಿ ಅಳೆಯುವ ಕೊಳಗ ದೊಡ್ಡದು, ಅನ್ಯಾಯದ್ದು ಅಂತ ರೈತರ ದೂರು. ನ್ಯಾಯವಾದ ದೂರು. ಆ ಹೋರಾಟವನ್ನು ಸಣ್ಣದು ಮಾಡಲು ನನಗೆ ಇಷ್ಟವಿಲ್ಲ, ದೀವರೂ ತುಳಿತಕ್ಕೊಳಗಾದವರೇ. ಆದರೆ ಜೀತದಾಳಿಗೆ ಅಳೆದು ಕೊಡುತ್ತಿದ್ದ ಪಡಿಯ ಅಳತೆ ಎಷ್ಟು, ಅದು ನ್ಯಾಯವೋ ಅನ್ಯಾಯವೋ ಅಂತ ಕೇಳಲು ಯಾವ ಸತ್ಯಾಗ್ರಹವೂ ಆಗಲಿಲ್ಲ. ಗೇಣಿ ಕೊಡುವವನಿಗೆ ಕೊಳಗದ ಜಗಳ. ಕೊಡಲು ಏನೂ ಇಲ್ಲದವನು ಆ ಜಗಳದ ಆಚೆಗೇ ಉಳಿದ.

1974ರ ಭೂ ಸುಧಾರಣಾ ತಿದ್ದುಪಡಿ ಈ ಮಾತನ್ನು ಕಾನೂನಾಗಿಸಿತು. ಆ ವರ್ಷದ ಮಾರ್ಚ್ 1ರಿಂದ ಗೇಣಿ ಜಮೀನೆಲ್ಲ ಸರ್ಕಾರಕ್ಕೆ ಸೇರಿ, ಉಳುವವನು ಒಡೆಯನಾಗುವ ದಾರಿ ತೆರೆಯಿತು. ದೇವರಾಜ ಅರಸು ಅವರ ಕಾಲದ ದೊಡ್ಡ ಕೆಲಸ ಅದು. ಮಲೆನಾಡಿನ ಸಾವಿರಾರು ಸಂಸಾರಗಳು ಅದರಿಂದ ತಲೆಯೆತ್ತಿದವು. ಆದರೆ ನಮೂನೆ 7 ತುಂಬಲು ಗೇಣಿದಾರನಾಗಿರಬೇಕು. ಹುಟ್ಟಾಳು ಗೇಣಿದಾರನಲ್ಲ. ನೇಗಿಲು ಹಿಡಿದವನು ಅವನೇ, ಕಾನೂನಿನ ಕಣ್ಣಲ್ಲಿ ಉಳುವವನು ಮಾತ್ರ ಬೇರೆ. ಕೂಲಿಕಾರರ ಪಾಲಿಗೆ ಅದೇ ಕಾಯಿದೆಯಲ್ಲಿ ವಾಸದ ಮನೆಯ ಹಕ್ಕಿಗೊಂದು ಕಲಮು ಇತ್ತು. ಗದ್ದೆ ಗೇಣಿದಾರನಿಗೆ, ಗುಡಿಸಲು ದಲಿತನಿಗೆ! 1976ರ ಜೀತವಿಮುಕ್ತಿ ಕಾಯಿದೆ ಸಾಲದ ಹಗ್ಗ ಕತ್ತರಿಸಿತು. ಬಿಡಿಸಿಕೊಂಡವನು ನಿಲ್ಲಲು ನೆಲ ಮಾತ್ರ ಕೊಡಲಿಲ್ಲ.

ಮುಳುಗಡೆಯಲ್ಲೂ ಇದೇ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಸಾಗರ, ಹೊಸನಗರದ ಹಳ್ಳಿಗಳು ನೀರಿಗೆ ಹೋದವು. ಜಮೀನಿಗೆ ಪರಿಹಾರ ಅಂದರೆ ಪಹಣಿಯಲ್ಲಿ ಹೆಸರಿದ್ದವನಿಗೆ ಪರಿಹಾರ. ಮಣ್ಣು ಮುಳುಗಿದ ಮೇಲೆ ಮಣ್ಣಾಳು ಏನಾದ? ನಾ. ಡಿಸೋಜರ ಕಾದಂಬರಿಗಳು ಮುಳುಗಡೆಯ ನೋವನ್ನು ನಾಡಿಗೆ ತಿಳಿಸಿದವು. ಈ ಪ್ರಶ್ನೆಗೆ ದಲಿತ ಬರಹಗಾರನೇ ಉತ್ತರ ಬರೆಯಬೇಕಾಗಿದೆ.

ಹಾಗಾದರೆ ಇಲ್ಲಿಯ ದಲಿತರು ಯಾಕೆ ಸಂಘಟಿತರಾಗಲಿಲ್ಲ ಅಂತ ಗೆಳೆಯರು ಕೇಳುತ್ತಾರೆ. 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಹುಟ್ಟಿದ್ದು ಇದೇ ಜಿಲ್ಲೆಯ ಭದ್ರಾವತಿಯಲ್ಲಿ, ಪ್ರೊ. ಬಿ. ಕೃಷ್ಣಪ್ಪನವರ ಮುಂದಾಳತನದಲ್ಲಿ. ಭದ್ರಾವತಿಯಲ್ಲಿ ಕಾರ್ಖಾನೆ ಇತ್ತು, ಕಾಲೇಜು ಇತ್ತು, ಒಂದೆಡೆ ಸೇರಿದ ದೊಡ್ಡ ಕೇರಿಗಳಿದ್ದವು. 2011ರ ಜನಗಣತಿಯಲ್ಲಿ ಜಿಲ್ಲೆಯ ಹದಿನೇಳೂವರೆ ಲಕ್ಷ ಜನರಲ್ಲಿ ಪರಿಶಿಷ್ಟ ಜಾತಿಯವರು ನೂರಕ್ಕೆ ಹದಿನೇಳರಷ್ಟು. ಆದರೆ ಈ ಮೂರು ಮಲೆನಾಡು ತಾಲೂಕುಗಳಲ್ಲಿ ಅವರ ಪಾಲು ಬಯಲಿಗಿಂತ ಕಡಿಮೆ. ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ ಹಸಲರೂ ಹೀಗೆಯೇ ಚದುರಿದವರು. ಒಡೆಯನ ಮನೆಯ ಕೆಳಗೆ ನಾಲ್ಕು ಗುಡಿಸಲು, ಇನ್ನೊಂದು ಗುಡ್ಡದಾಚೆ ಮೂರು. ಕೂಗಿದರೆ ಕೇಳಿಸದ ದೂರ. ‘ಯಾವ ಊರು’ ಅಂತ ಕೇಳಿದರೆ ‘ಇಂಥವ್ರ ಮನೆಯೋರು’ ಅಂತ ಹೇಳುತ್ತಿದ್ದ ಹಿರಿಯರನ್ನು ನಾನೇ ಕಂಡಿದ್ದೇನೆ. ಊರೇ ಇಲ್ಲದವರು ಸಂಘ ಕಟ್ಟುವುದು ಹ್ಯಾಗೆ?

ಇವತ್ತು ಜೀತ ಹೋಗಿದೆ, ದಿನಗೂಲಿ ಬಂದಿದೆ, ಹುಡುಗರು ಬೆಂಗಳೂರಿಗೆ ಬಸ್ ಹತ್ತಿದ್ದಾರೆ. ಆಳು ಸಿಗುವುದಿಲ್ಲ ಅಂತ ತೋಟದವರ ಗೋಳು. ನನಗಂತೂ ಆ ಗೋಳು ಚರಿತ್ರೆಯ ಒಂದು ಸಣ್ಣ ನ್ಯಾಯದ ಹಾಗೆ ಕೇಳಿಸುತ್ತದೆ: ಮೊದಲ ಸಲ ಕೈ ಸಂತೆಗೆ ಬಂದಿದೆ. ಆದರೆ ಸೊಪ್ಪಿನಬೆಟ್ಟದ ಹಕ್ಕು ಈಗಲೂ ತೋಟ ಇದ್ದವನಿಗೆ. ಸೊಪ್ಪು ಹೊತ್ತವಳಿಗೆ ತಲೆಯ ಮೇಲಿನ ಹೊರೆ ಮಾತ್ರ. 2020ರ ತಿದ್ದುಪಡಿಯ ಮೇಲೆ ದುಡ್ಡಿದ್ದವರು ಯಾರು ಬೇಕಾದರೂ ಕೃಷಿ ಭೂಮಿ ಕೊಳ್ಳಬಹುದು. ದುಡಿದವರು ಮಾತ್ರ ಬಗರ್‌ಹುಕುಂ ಅರ್ಜಿ ಹಿಡಿದು ತಾಲೂಕು ಕಚೇರಿಗೆ ಅಲೆಯಬೇಕು.

ವಿದ್ಯಾರ್ಥಿ ಗೆಳೆಯರಿಗೆ ನನ್ನದೊಂದು ಮಾತು. ನಿಮ್ಮ ಊರಿನ ಒಂದೇ ಒಂದು ಗದ್ದೆ ಆರಿಸಿಕೊಳ್ಳಿ. 1974ಕ್ಕೆ ಮುಂಚೆ ಅದರ ಒಡೆಯ ಯಾರು, ಗೇಣಿದಾರ ಯಾರು, ಪಹಣಿಯಲ್ಲಿ ಸಿಗುತ್ತದೆ. ಆಮೇಲೆ ಕೇರಿಗೆ ಹೋಗಿ ಅದನ್ನು ನಟ್ಟಿ ಮಾಡಿದವರು ಯಾರು ಅಂತ ಕೇಳಿ ಬರೆದುಕೊಳ್ಳಿ. ಕಡತದಲ್ಲಿಲ್ಲದ ಆ ಮೂರನೆಯ ಹೆಸರಿನಿಂದಲೇ ನಮ್ಮ ಚರಿತ್ರೆ ಶುರುವಾಗಬೇಕು. ಹೇಳಬಲ್ಲ ಅಜ್ಜಿಯರು ಇನ್ನು ಹೆಚ್ಚು ಜನ ಉಳಿದಿಲ್ಲ.