ಮರ್ಫಾ: ಹಾಡು ಉಳಿಯದ ಮೆರವಣಿಗೆ

ಝರಾಸಂಗಂ ಇರುವ ಜಹೀರಾಬಾದ್ ಸೀಮೆ 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಬೀದರ ಜಿಲ್ಲೆಗೆ ಸೇರಿತ್ತು. ಹೈದರಾಬಾದ್ ಸಂಸ್ಥಾನದ ಇಂಥ ಬಹುಭಾಷಾ ಪ್ರದೇಶಗಳ ಮದುವೆಯ ಹಾಡುಗಳನ್ನು ಕನ್ನಡ, ತೆಲುಗು, ದಖನಿ ಎಂದು ಭಾಷಾವಾರು ವಿಂಗಡಿಸುವುದು ಜಾನಪದ ಸಂಗ್ರಹದ ರೂಢಿ. ಹೈದರಾಬಾದಿನ ಮರ್ಫಾ ಈ ವಿಂಗಡಣೆಗೆ ಒಗ್ಗುವುದಿಲ್ಲ. ಅದರಲ್ಲಿ ಮಾತಿಗಿಂತ ಬಡಿತವೇ ಮುಖ್ಯ.

ಮರ್ಫಾ ಯೆಮನ್ನಿನ ಹದ್ರಮೌತ್ ಸೀಮೆಯಿಂದ ಬಂದು ನಿಜಾಮರ ಸೇನೆ ಸೇರಿದ ಅರಬ್ ಸಿಪಾಯಿಗಳ ವಾದ್ಯಮೇಳ. ಆಫ್ರಿಕಾ ಮೂಲದ ಸಿದ್ದಿಗಳೂ ಇದರಲ್ಲಿ ಪಾಲುದಾರರು. ಈ ಸಮುದಾಯದ ಹೆಸರುಗಳಲ್ಲೇ ದಂಡಿನ ನೆನಪಿದೆ. ‘ಚಾವುಷ್’ ಎಂಬುದು ತುರ್ಕಿ ಸೇನೆಯ ಒಂದು ಹುದ್ದೆ. ಅವರ ಬಡಾವಣೆ ‘ಬಾರ್ಕಸ್’ ಎಂಬುದು ಇಂಗ್ಲಿಷಿನ ಬ್ಯಾರಕ್ಸ್. ಹೈದರಾಬಾದಿನಲ್ಲಿ ಜಮಾದಾರನಾಗಿದ್ದ ಉಮರ್ ಬಿನ್ ಅವದ್ ಅಲ್-ಕುಐತಿಯ ಮನೆತನವಂತೂ ಇಲ್ಲಿ ಗಳಿಸಿದ ಹಣದ ಬಲದಿಂದ ಹದ್ರಮೌತಿನಲ್ಲಿ ರಾಜ್ಯ ಕಟ್ಟಿ 1967ರವರೆಗೆ ಆಳಿತು.

ಅರಬ್ ನಾಡುಗಳಲ್ಲಿ ಮದುವೆಯ ಮೆರವಣಿಗೆಗೆ ‘ಜಫ್ಫಾ’ ಎನ್ನುತ್ತಾರೆ. ಅಲ್ಲಿ ವಾದ್ಯದೊಡನೆ ಹಾಡೂ ಇರುತ್ತದೆ. ದಖ್ಖನ್ನಿನಲ್ಲಿ ವಾದ್ಯ ನಿಂತು ಹಾಡು ಹಿಂದೆ ಸರಿದದ್ದೇಕೆ? ಕಾಲ ಕಳೆದಂತೆ ಭಾಷೆ ಮರೆತರು ಎಂಬ ಉತ್ತರ ಸಾಲದು. ವಲಸೆ ಬಂದವರಲ್ಲಿ ಬಹುಪಾಲು ಗಂಡಸರು. ಅವರು ಸ್ಥಳೀಯ ಹೆಂಗಸರನ್ನು ಮದುವೆಯಾದರು. ಮದುವೆಮನೆಯ ಒಳಗಿನ ಹಾಡು ತಾಯಂದಿರ ಸೊತ್ತು. ಆ ತಾಯಂದಿರದು ದಖನಿ. ಹೀಗೆ ಒಳಮನೆಯಲ್ಲಿ ಢೋಲಕ್ಕಿನ ದಖನಿ ಗೀತೆ ನೆಲೆಸಿತು. ಬೀದಿಯಲ್ಲಿ ಗಂಡಸರು ದಫ್ ಮತ್ತು ಮರ್ಫಾ ಬಡಿಯುತ್ತ, ಕತ್ತಿ ಕೋಲು ಹಿಡಿದು ಕುಣಿಯುವ ರೂಢಿ ಉಳಿಯಿತು. ಸೋಬಾನೆ ಹೆಂಗಸರದು, ದಿಬ್ಬಣದ ಮುಂದಿನ ಹಲಗೆ ಗಂಡಸರದು ಎಂಬ ಕನ್ನಡ ಸೀಮೆಯ ವಿಭಜನೆಯನ್ನು ಬಲ್ಲವರಿಗೆ ಇದು ಹೊಸದೆನಿಸದು. ವ್ಯತ್ಯಾಸವಿಷ್ಟೆ: ಅಲ್ಲಿ ಎರಡೂ ಒಂದೇ ನೆಲದವು, ಇಲ್ಲಿ ಅವುಗಳ ನಡುವೆ ಒಂದು ಸಮುದ್ರವಿದೆ.

1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ ಅರಬ್ ಪಡೆ ಚದುರಿತು. ಅನೇಕರನ್ನು ಯೆಮನ್ನಿಗೆ ಮರಳಿ ಕಳುಹಿಸಲಾಯಿತು. ಉಳಿದವರಲ್ಲಿ ಕೆಲವರಿಗೆ ಮರ್ಫಾ ಬಾಡಿಗೆಯ ಕಸುಬಾಯಿತು. ಇಂದು ಅದು ಹಿಂದೂ ಮದುವೆಗಳಲ್ಲಿಯೂ ಗಣೇಶನ ಮೆರವಣಿಗೆಯಲ್ಲಿಯೂ ಚುನಾವಣೆಯ ವಿಜಯೋತ್ಸವದಲ್ಲಿಯೂ ಮೊಳಗುತ್ತದೆ. ಒಳಮನೆಯ ಹಾಡು ದಖನಿಯ ಸಂಕಲನದಲ್ಲಿ ಅಚ್ಚಾಗಬಲ್ಲದು. ಬೀದಿಯ ಬಡಿತವನ್ನು ದಾಖಲಿಸಹೊರಟವರಿಗೆ ‘ಹಾಡಿನ ಭಾಷೆ’ ಎಂಬ ಕಲಮಿನಲ್ಲಿ ಏನು ಬರೆಯಬೇಕೆಂಬುದೇ ಮೊದಲ ತೊಡಕು.