ತೋಟಾ, ಕೊಬ್ಬು ಮತ್ತು ನಮ್ಮ ಕಡೆಯ 1857

ಶಾಲೆಯಲ್ಲಿ 1857 ಅಂದ ಕೂಡಲೇ ನಾವೆಲ್ಲ ಬರೆದ ಉತ್ತರ ಒಂದೇ. ತೋಟಾಗಳಿಗೆ ದನದ, ಹಂದಿಯ ಕೊಬ್ಬು ಸವರಿದ್ದರು, ಅದನ್ನು ಹಲ್ಲಿನಿಂದ ಕಚ್ಚಬೇಕಿತ್ತು, ಸಿಪಾಯಿಗಳು ದಂಗೆ ಎದ್ದರು. ಎರಡು ಮಾರ್ಕು, ಮುಂದಿನ ಪ್ರಶ್ನೆ :) ಆದರೆ ತೋಟಾಕ್ಕೆ ಕೊಬ್ಬು ಯಾಕೆ ಬೇಕಿತ್ತು? ಅದನ್ನು ಕಚ್ಚೋದಾದರೂ ಯಾಕೆ? ಇದನ್ನು ಯಾವ ಪಠ್ಯಪುಸ್ತಕವೂ ಹೇಳಿದ ನೆನಪಿಲ್ಲ. ಇಂಜಿನಿಯರಿಂಗ್ ಓದಿದ ತಲೆಗೆ ಹುಳ ಬಿಟ್ಟುಕೊಳ್ಳಲು ಇಷ್ಟು ಸಾಕಲ್ಲ. ಹಾಗೆ ಕೆದಕುತ್ತಾ ಹೋದವನಿಗೆ ಕೊನೆಗೆ ಸಿಕ್ಕಿದ್ದು ಬ್ಯಾರಕ್‌ಪುರವಲ್ಲ, ನಮ್ಮದೇ ಮಗ್ಗುಲಿನ ನಂದಗಡ ಮತ್ತು ಹಲಗಲಿ.

ಮೊದಲು ಮದ್ದಿನ ವಿಷಯ. ಕಪ್ಪು ಮದ್ದು ಅಂದರೆ ಪೆಟ್ಲುಪ್ಪು, ಇದ್ದಿಲು, ಗಂಧಕ. ನೂರಕ್ಕೆ ಸುಮಾರು 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಿಲು, 10 ಪಾಲು ಗಂಧಕ. ಇದರ ದೊಡ್ಡ ದೋಷ ಏನಂದರೆ ಇದು ಪೂರ್ತಿ ಅನಿಲವಾಗಿ ಸುಡುವುದಿಲ್ಲ. ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಭಾಗ ಘನ ಪದಾರ್ಥವಾಗಿ ಉಳಿಯುತ್ತದೆ. ಸ್ವಲ್ಪ ದಟ್ಟ ಬಿಳಿ ಹೊಗೆಯಾಗಿ ಹೊರಗೆ ಹೋದರೆ, ಮಿಕ್ಕಿದ್ದು ನಳಿಗೆಯ ಒಳಗೋಡೆಗೆ ಮಸಿಯಾಗಿ ಅಂಟುತ್ತದೆ. ಹತ್ತಿಪ್ಪತ್ತು ಈಡು ಹೊಡೆದರೆ ನಳಿಗೆ ಕಟ್ಟಿಕೊಂಡು, ಮುಂದಿನ ಗುಂಡು ಒಳಗೆ ಇಳಿಯೋದೇ ಕಷ್ಟ.

ಹಳೇ ರಿವಾಲ್ವರಿಗೂ ಇದೇ ಕಾಟ. ಸ್ಯಾಮ್ಯುಯೆಲ್ ಕೋಲ್ಟ್ 1836ರಲ್ಲಿ ಪೇಟೆಂಟ್ ಪಡೆದ ರಿವಾಲ್ವರಿನಲ್ಲಿ ಈಗಿನ ಹಾಗೆ ಹಿತ್ತಾಳೆಯ ತೋಟಾ ಇರಲಿಲ್ಲ. ತಿರುಗುವ ಉರುಳೆಯ ಒಂದೊಂದು ಮನೆಗೂ ಮುಂದಿನಿಂದ ಮದ್ದು ಸುರಿಯಬೇಕು, ಮೇಲೆ ಸೀಸದ ಗುಂಡು ಇಡಬೇಕು, ಒತ್ತಿ ಕೂರಿಸಬೇಕು, ಹಿಂದೆ ಕೇಪು ಸಿಕ್ಕಿಸಬೇಕು. (ದೀಪಾವಳಿ ಪಿಸ್ತೂಲಿನ ಕೇಪು ನೆನಪಿದೆಯಲ್ಲ, ಅದರ ಅಜ್ಜ ಇದು.) ಆಮೇಲೆ ಗುಂಡಿನ ಮೇಲೆ ಕೊಬ್ಬು ಮೆತ್ತುತ್ತಿದ್ದರು. ಮಸಿಯನ್ನು ಮೆತ್ತಗೆ ಇಡಲಿಕ್ಕೆ ಒಂದು, ಒಂದು ಮನೆಯ ಬೆಂಕಿ ಪಕ್ಕದ ಮನೆಗೆ ಹಾರಿ ಎಲ್ಲ ಗುಂಡುಗಳೂ ಒಟ್ಟಿಗೆ ಸಿಡಿಯದಿರಲಿ ಅಂತ ಇನ್ನೊಂದು. ಅಂದರೆ ಆ ಕಾಲದಲ್ಲಿ ಕೊಬ್ಬು ಬಂದೂಕಿನ ಒಂದು ಬಿಡಿಭಾಗವೇ ಆಗಿತ್ತು ಅನ್ನಿ.

ಇನ್ನು ಸಿಪಾಯಿಯ ತೋಟಾ. ಅದು ಒಂದು ಕಾಗದದ ಸುರುಳಿ. ಅಳತೆ ಮಾಡಿದ ಮದ್ದು ಮತ್ತು ಒಂದು ಗುಂಡು ಒಳಗೆ. ಎಡಗೈಲಿ ಬಂದೂಕು ಹಿಡಿದವನಿಗೆ ಉಳಿಯುವುದು ಒಂದೇ ಕೈ, ಹಾಗಾಗಿ ತುದಿ ಹರಿಯಲು ಹಲ್ಲು. ಬಾಯಿಯಿಂದ ಮದ್ದು ಸುರಿದು, ಗುಂಡು ತುರುಕಿ, ಸರಳಿನಿಂದ ಜಡಿಯಬೇಕು. ಈ ಕಚ್ಚುವ ಪದ್ಧತಿ 1857ಕ್ಕಿಂತ ಎಷ್ಟೋ ಹಿಂದಿನದು, ಹಳೇ ಬ್ರೌನ್ ಬೆಸ್ ಬಂದೂಕಿನ ಕಾಲದ್ದು. ಆಗ ಯಾರೂ ತಕರಾರು ಎತ್ತಲಿಲ್ಲ, ಯಾಕೆಂದರೆ ಬ್ರೌನ್ ಬೆಸ್ಸಿನ ನಳಿಗೆ ಅಗಲ, ಒಳಗೆ ನುಣುಪು, ಗುಂಡು ಸಡಿಲ. ಕೊಬ್ಬಿನ ಅಗತ್ಯ ಅಷ್ಟಾಗಿ ಇರಲಿಲ್ಲ. ಗುರಿ ಮಾತ್ರ ದೇವರಿಗೇ ಪ್ರೀತಿ.

1853ರ ಎನ್‌ಫೀಲ್ಡ್ ರೈಫಲ್ ಬಂದಾಗ ಕತೆ ಬದಲಾಯಿತು. ನಳಿಗೆ 0.577 ಇಂಚು, ಒಳಗೆ ತಿರುಚಿದ ಗೀರುಗಳು. ಗುಂಡು ಆ ಗೀರುಗಳನ್ನು ಕಚ್ಚಿ ಹಿಡಿದರೆ ಗಿರಗಿರ ತಿರುಗುತ್ತಾ ನೇರ ಹೋಗುತ್ತದೆ. ಆದರೆ ಅಷ್ಟು ಬಿಗಿ ಗುಂಡನ್ನು ಬಾಯಿಯಿಂದ ಒಳಗೆ ಇಳಿಸುವುದು ಹೇಗೆ? ಫ್ರಾನ್ಸಿನ ಮಿನಿಯೇ ಎಂಬ ಸೇನಾಧಿಕಾರಿಯ ಉಪಾಯ ಇಲ್ಲಿ ಕೆಲಸಕ್ಕೆ ಬಂತು. ಗುಂಡು ನಳಿಗೆಗಿಂತ ಕೊಂಚ ಸಣ್ಣದು, ಬುಡ ಟೊಳ್ಳು. ಮದ್ದು ಸಿಡಿದಾಗ ಬುಡ ಅರಳಿ ಗೀರುಗಳಿಗೆ ಕಚ್ಚಿಕೊಳ್ಳುತ್ತದೆ. ಚೆಂದದ ಡಿಸೈನ್. ಆದರೆ ಸಡಿಲಿಗೆ ಉಳಿದ ಜಾಗ ಕೂದಲೆಳೆಯಷ್ಟು, ಮಸಿ ಅದನ್ನೂ ನುಂಗುತ್ತದೆ. ಅದಕ್ಕೇ ಗುಂಡಿನ ಸುತ್ತಲಿನ ಕಾಗದಕ್ಕೆ ಕೊಬ್ಬು, ಜೇನುಮೇಣದ ಲೇಪ.

ಸಾವಿರ ಗಜ ದೂರಕ್ಕೆ ಗುರಿ ಲೆಕ್ಕ ಹಾಕಿದವರು ಒಂದೇ ಒಂದು ವಿಷಯ ಲೆಕ್ಕ ಹಾಕಲಿಲ್ಲ. ಆ ಕೊಬ್ಬು ಯಾವ ಪ್ರಾಣಿಯದು ಅಂತ ಯಾರೂ ಪರೀಕ್ಷಿಸಿರಲಿಲ್ಲ. 1857ರ ಜನವರಿಯಲ್ಲಿ ಕಲ್ಕತ್ತೆ ಬಳಿಯ ಡಮ್‌ಡಮ್‌ನಲ್ಲಿ ಸುದ್ದಿ ಹಬ್ಬಿತು. ಸರ್ಕಾರ ಗಾಬರಿಯಾಗಿ, ಸಿಪಾಯಿಗಳೇ ತಮಗೆ ಒಪ್ಪಿಗೆಯಾದ ಮೇಣ, ತುಪ್ಪ ಸವರಿಕೊಳ್ಳಬಹುದು ಅಂದಿತು. ಕಚ್ಚುವ ಬದಲು ಕೈಯಲ್ಲಿ ಹರಿಯಿರಿ ಅಂತ ಕವಾಯತನ್ನೂ ಬದಲಿಸಿತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಪ್ಯಾಚ್ ಬಿಡುಗಡೆ ಆಯಿತು, ಆದರೆ ಬಳಕೆದಾರರ ನಂಬಿಕೆ ಆಗಲೇ ಹೋಗಿತ್ತು. ಮಾರ್ಚ್ 29ಕ್ಕೆ ಮಂಗಲ್ ಪಾಂಡೆ, ಮೇ 10ಕ್ಕೆ ಮೀರತ್.

ಇದರಲ್ಲೊಂದು ತಮಾಷೆ ನೋಡಿ. ಅದೇ 1857ರಲ್ಲಿ ಅಮೆರಿಕದ ಸ್ಮಿತ್ ಅಂಡ್ ವೆಸ್ಸನ್ ಕಂಪನಿ ಲೋಹದ ತೋಟಾ ಬಳಸುವ ರಿವಾಲ್ವರ್ ಮಾಡತೊಡಗಿತ್ತು. ಮದ್ದು, ಗುಂಡು, ಕೇಪು ಎಲ್ಲ ಒಂದೇ ಪುಟ್ಟ ಡಬ್ಬಿಯಲ್ಲಿ, ಹಿಂದಿನಿಂದ ತುಂಬಿದರೆ ಆಯಿತು. ಕಚ್ಚುವುದೂ ಇಲ್ಲ, ಸುರಿಯುವುದೂ ಇಲ್ಲ. ಬ್ರಿಟಿಷ್ ಸೇನೆ ಆ ದಾರಿಗೆ ಬಂದದ್ದು 1866ರಲ್ಲಿ, ಸ್ನೈಡರ್ ಬಂದೂಕಿನ ಜೊತೆ.

ಸರಿ, ಈಗ ನಮ್ಮ ಕಡೆ ಬರೋಣ. ನಾನಿರುವ ನೆಹರು ನಗರದಿಂದ ಖಾನಾಪುರ ದಾಟಿ ನಂದಗಡಕ್ಕೆ ಸುಮಾರು ಒಂದು ಗಂಟೆಯ ದಾರಿ. ಈ ಸೀಮೆಗೆ ಮದ್ದಿನ ವಾಸನೆ 1857ಕ್ಕಿಂತ ಎಷ್ಟೋ ಮೊದಲೇ ಹತ್ತಿತ್ತು. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆ ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ. ಹೊಡೆದವನು ಅಮಟೂರು ಬಾಳಪ್ಪ ಅಂತ ನಾಡಿನ ನೆನಪು. ಡಿಸೆಂಬರಿನಲ್ಲಿ ಕಂಪನಿ ದೊಡ್ಡ ಸೈನ್ಯ ತಂದು ಕೋಟೆ ಹಿಡಿಯಿತು. ಆ ಸೋಲಿಗೆ ನಮ್ಮ ಜನ ಕೊಡುವ ಕಾರಣ ಏನು ಗೊತ್ತಾ? ದ್ರೋಹಿಗಳು ಫಿರಂಗಿ ಮದ್ದಿನಲ್ಲಿ ಸಗಣಿ ಬೆರೆಸಿದ್ದರು ಅಂತ. ದಾಖಲೆ ಕೇಳಬೇಡಿ, ಇದು ಜನ ಹೇಳುವ ಕತೆ. ಆದರೆ ಕತೆ ಕಟ್ಟಿದವರಿಗೆ ಮದ್ದಿನ ಗುಣ ಚೆನ್ನಾಗಿ ಗೊತ್ತಿತ್ತು. ಕಪ್ಪು ಮದ್ದಿಗೆ ಹಸಿ ತಾಗಿದರೆ ಠುಸ್, ಅಷ್ಟೇ.

ಹಾಗಂದ ಮೇಲೆ ರಾಯಣ್ಣನನ್ನು ನೆನೆಯಿರಿ. ಖಾನಾಪುರದ ಕಾಡು, ಇಲ್ಲಿನ ಮಳೆ. ಇಂಥ ಕಡೆ ಮದ್ದು ಒಣಗಿಸಿ ಇಟ್ಟುಕೊಳ್ಳುವುದೇ ಒಂದು ಯುದ್ಧ. 1830ರ ಆರಂಭದಲ್ಲಿ ಇದೇ ತಾಲೂಕಿನ ಬೀಡಿಯ ಕಚೇರಿಗೆ ರಾಯಣ್ಣನ ದಂಡು ಬೆಂಕಿ ಇಟ್ಟಿತು. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು.

ಮುಂದೆ 1857. ಆಗ ಬೆಳಗಾವಿಯಲ್ಲಿ ಇದ್ದದ್ದು 29ನೇ ಬಾಂಬೆ ನೇಟಿವ್ ಇನ್‌ಫೆಂಟ್ರಿ. ಕೊಲ್ಲಾಪುರದ 27ನೇ ಪಡೆ ಜುಲೈ 31ಕ್ಕೆ ಬಂಡೆದ್ದಿತು. ಬೆಳಗಾವಿಯಲ್ಲಿ ಹಾಗೆ ಆಗಲಿಲ್ಲ. ಇಲ್ಲಿ ಕಿಡಿ ಹೊತ್ತಿದ್ದು ಸಿಪಾಯಿಗಳ ನಡುವೆ ಅಲ್ಲ, ಊರುಗಳಲ್ಲಿ. ಕಾರಣವೂ ಕೊಬ್ಬಿನ ತೋಟಾ ಅಲ್ಲ. ಪರವಾನಗಿ ಇಲ್ಲದೆ ಹತಾರ ಇಟ್ಟುಕೊಳ್ಳುವ ಹಾಗಿಲ್ಲ, ತಂದು ಒಪ್ಪಿಸಿ ಅಂತ ಕಂಪನಿ ಸರ್ಕಾರ ಆ ವರ್ಷವೇ ಕಾಯ್ದೆ ಮಾಡಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ಬೇಟೆ, ಕಾವಲು, ದಂಡು ಇದರಲ್ಲೇ ಬದುಕಿದವರಿಗೆ ಹತಾರ ಅಂದರೆ ಅನ್ನ, ಜೊತೆಗೆ ಮಾನ. ನವೆಂಬರ್ ಕೊನೆಗೆ ಸೈನ್ಯ ಹಲಗಲಿಗೆ ನುಗ್ಗಿತು, ಊರಿಗೆ ಬೆಂಕಿ ಬಿತ್ತು. ಡಿಸೆಂಬರಿನಲ್ಲಿ ಮುಧೋಳದಲ್ಲೂ ಹಲಗಲಿಯಲ್ಲೂ ಒಟ್ಟು 19 ಜನರನ್ನು ನೇಣಿಗೆ ಹಾಕಿದರು. ಇದರ ಮೇಲೆ ಹುಟ್ಟಿದ ಲಾವಣಿಯನ್ನು ಇಂಗ್ಲಿಷ್ ಅಧಿಕಾರಿ ಫ್ಲೀಟ್ ಸಂಗ್ರಹಿಸಿದ. ಸೋತವರ ಹಾಡನ್ನು ಗೆದ್ದವರ ಅಧಿಕಾರಿಯೇ ಉಳಿಸಿಕೊಟ್ಟ ಹಾಗಾಯಿತು.

ಆರು ತಿಂಗಳಿಗೆ ನರಗುಂದ. ಬಾಬಾಸಾಹೇಬನಿಗೆ ದತ್ತು ತೆಗೆದುಕೊಳ್ಳಲು ಬಿಡಲಿಲ್ಲ, ಅದರ ಮೇಲೆ ಹತಾರ ಒಪ್ಪಿಸುವ ಒತ್ತಾಯ. 1858ರ ಮೇ ಕೊನೆಗೆ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಸತ್ತ. ಜೂನ್ 12ರಂದು ಬಾಬಾಸಾಹೇಬನನ್ನು ಗಲ್ಲಿಗೆ ಹಾಕಿದ್ದು ಇದೇ ಬೆಳಗಾವಿಯಲ್ಲಿ. ನಾವು ದಿನಾ ಓಡಾಡುವ ಊರು!

ಈಗ ಕೊಡಗಿನ ಕಡೆ ನೋಡಿ. ಅದೇ ಬ್ರಿಟಿಷರು, ಅದೇ ಕಾಯ್ದೆ. 1861ರಲ್ಲಿ ಮೈಸೂರು ಮತ್ತು ಕೊಡಗಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್, ನಿಷ್ಠೆಗೆ ಉಡುಗೊರೆಯಾಗಿ ಕೊಡವರಿಗೆ ಈ ಕಾಯ್ದೆಯಿಂದ ವಿನಾಯಿತಿ ಕೊಟ್ಟ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸತ್ತರೆ ಎರಡು ಗುಂಡು ಹಾರಿಸುವ, ಕೈಲ್ ಪೊಳ್ದಿಗೆ ಕೋವಿ ಪೂಜಿಸುವ ಪದ್ಧತಿ ಹಾಗೇ ಉಳಿಯಿತು. ಆ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ, 2029ರವರೆಗೆ ಮುಂದುವರಿಸಿದೆ. ಕೊಡವರ ಬಗ್ಗೆ ನನಗೆ ಹೊಟ್ಟೆಕಿಚ್ಚಿಲ್ಲ, ಮೆಚ್ಚುಗೆಯೇ ಇದೆ. ಆದರೆ ಒಂದೇ ರಾಜ್ಯದಲ್ಲಿ ಒಂದು ಜನಕ್ಕೆ ಕೋವಿ ಉಡುಗೊರೆ, ಇನ್ನೊಂದು ಜನಕ್ಕೆ ಅದೇ ಹತಾರದ ಸಲುವಾಗಿ ನೇಣು. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದಾಗ ಏನೋ ಕಸಿವಿಸಿ.

ಮಿಕ್ಕವರಿಗೆ 1878ರ ಹತಾರ ಕಾಯ್ದೆ ಬಂತು. ಅದರಲ್ಲಿ ಯುರೋಪಿಯನ್ನರಿಗೆ ವಿನಾಯಿತಿ, ನಮ್ಮವರಿಗೆ ಲೈಸೆನ್ಸು. ಸ್ವಾತಂತ್ರ್ಯ ಬಂದಮೇಲೆ 1959ರ ಕಾಯ್ದೆ ಬಂತು, ಲೈಸೆನ್ಸ್ ಉಳಿಯಿತು. ಇವತ್ತೂ ಕಾಡಂಚಿನ ರೈತ ಹಂದಿ ಕಾಟಕ್ಕೆ ಬೆಳೆ ರಕ್ಷಣೆ ಅಂತ ಕೇಪಿನ ಕೋವಿಗೆ ಅರ್ಜಿ ಹಾಕುತ್ತಾನೆ, ಚುನಾವಣೆ ಬಂದರೆ ಠಾಣೆಗೆ ಒಪ್ಪಿಸಿ ಬರುತ್ತಾನೆ. ಎಲ್ಲರ ಕೈಗೂ ಬಂದೂಕು ಬರಲಿ ಅಂತ ನಾನು ಹೇಳುತ್ತಿಲ್ಲ, ದಯವಿಟ್ಟು ಹಾಗೆ ಓದಬೇಡಿ. ದಿನಾ ಪೇಪರಿನಲ್ಲಿ ಬರುವ ಅಮೆರಿಕದ ಸುದ್ದಿ ಸಾಕು. ನನ್ನ ತಕರಾರು ಪಠ್ಯದ ಬಗ್ಗೆ. ಕೊಬ್ಬಿನ ತೋಟಾ ಉತ್ತರದ ಸಿಪಾಯಿಗಳ ಕತೆ, ಅದು ಇರಲಿ. ಆದರೆ ಆ ಎರಡು ಮಾರ್ಕಿನ ಉತ್ತರದ ಕೆಳಗೆ ಬೆಳಗಾವಿ, ಬಾಗಲಕೋಟೆ ಮಕ್ಕಳು ಇನ್ನೊಂದು ಸಾಲು ಬರೆಯುವಂತಾಗಬೇಕು: ನಮ್ಮ ಕಡೆ ಜನ ಎದ್ದದ್ದು ಹತಾರ ಕಿತ್ತುಕೊಳ್ಳಲು ಬಂದಾಗ.

ನಿಮ್ಮ ಊರಿನ ಹಳೇ ಮನೆಗಳಲ್ಲಿ ಮದ್ದಿನ ಬುರುಡೆ, ಕೇಪಿನ ಕೋವಿಯ ಕತೆ ಹೇಳುವ ಹಿರಿಯರು ಇದ್ದರೆ ಕೇಳಿ, ಕೇಳಿದ್ದನ್ನು ನಿಮ್ಮ ಬ್ಲಾಗಿನಲ್ಲಿ ಬರೆದಿಡಿ. ಫ್ಲೀಟ್ ಸಾಹೇಬ ಪ್ರತಿ ಸಲ ಬರುವುದಿಲ್ಲ.